ಒಗರಿನ ಕಲ್ಲು

ಕಾರವಾರದ ಭಾನುವಾರದ ಸಂತೆಯಲ್ಲಿ
ಹಿಂಗು, ಅರಿಶಿನಕೊಂಬು, ಲೋಬಾನದ ಚೀಲಗಳ ನಡುವೆ
ಪೆಡ್ನೇಕರ ಅದನ್ನು ರಾಶಿ ಹಾಕಿದ್ದ,
ಜಗಳವಾದ ಮನೆಯ ಗಾಜಿನಂತೆ.
‘ಪಟಿಕ ಬೇಕಿತ್ತು’ ಎಂದೆ.
‘ತುರಟಿ ಅನ್ನು, ಎರಡು ರೂಪಾಯಿ ಕಮ್ಮಿ.’

ನೀರಿಗೋ, ದೃಷ್ಟಿಗೋ, ಗಡ್ಡಕ್ಕೋ?
ಅವನು ಕೇಳಿದ್ದು ಸರಿಯೇ.
ನೀರಿಗಾದರೆ ಚೂರೂ ನಡೆಯುತ್ತದೆ.
ಮಳೆಗೆ ಬಾವಿ ಕೆಂಪಾದಾಗ
ಅಮ್ಮ ಕೊಡದೊಳಗೆ ಏಳು ಸುತ್ತು ತಿರುಗಿಸುತ್ತಿದ್ದಳು,
ಬೆಳಗಾಗುವುದರೊಳಗೆ ಕೆಸರು
ಬೈಸಿಕೊಂಡ ಹುಡುಗನ ಹಾಗೆ ತಳದಲ್ಲಿ ಕೂತಿರುತ್ತಿತ್ತು.
ದೃಷ್ಟಿಗಾದರೆ ಕೆಂಡದ ಮೇಲೆ ಉಬ್ಬಿದರಾಯಿತು,
ನಮಗೆ ಆಗದ ಯಾರದೋ ಮುಖ ಅದರಲ್ಲಿ ಕಂಡೇ ಕಾಣುತ್ತದೆ.
ಗಡ್ಡಕ್ಕೆ ಮಾತ್ರ ಆರಿಸಬೇಕು.

ಹಳೆಯ ತಾರಿಕಟ್ಟೆಯ ಹತ್ತಿರ
ಒಂದೇ ಕುರ್ಚಿಯ ಅಂಗಡಿಯಿಟ್ಟಿದ್ದ ಫೊಂಡು ಮಹಾಲೆ
ನನಗೆ ಮೀಸೆ ಮೂಡುವ ಮೊದಲೇ ಹೇಳಿಕೊಟ್ಟಿದ್ದ:
ಬೆಳಕಿಗೆ ಹಿಡಿ, ಆಚೆಯ ಬೆರಳು ಕಾಣಬೇಕು.
ಒಳಗೆ ಬಿಳಿ ಎಳೆ ಇದ್ದರೆ ಬಿಡು,
ಒಂದು ದಿನ ಅಲ್ಲೇ ಸೀಳುತ್ತದೆ.
ಪುಡಿ ಉದುರಿದರೆ ಬಿಡು.
ಮೂಲೆ ಚೂಪಾಗಿದ್ದರೆ ಚಿಂತೆಯಿಲ್ಲ,
ಒದ್ದೆ ಬಟ್ಟೆಯಲ್ಲಿ ತಿಕ್ಕಿದರೆ ದುಂಡಾಗುತ್ತದೆ.
ಕಡೆಗೆ ನಾಲಿಗೆಯ ತುದಿಗೆ.
ಮೊದಲು ಹುಳಿ, ಆಮೇಲೆ ಸಣ್ಣದೊಂದು ಸಿಹಿ,
ಆಮೇಲೆ ಗೇರುಹಣ್ಣು ಕಚ್ಚಿದ ಒಗರು.
ಒಗರಿಲ್ಲವೋ, ಕಲ್ಲುಸಕ್ಕರೆ ಅದು, ದೇವರಿಗೆ ಕೊಡು.

ಹನ್ನೊಂದು ಕಲ್ಲು ಎತ್ತಿ ಹನ್ನೊಂದನ್ನೂ ಇಟ್ಟೆ.
‘ಹೆಣ್ಣು ನೋಡಲಿಕ್ಕೆ ಬಂದೀಯಾ?’ ಎಂದ ಪೆಡ್ನೇಕರ.
ಹನ್ನೆರಡನೆಯದು ಅಂಗೈಯಲ್ಲಿ ತಾನಾಗಿ ಕೂತಿತು.

ಗಡ್ಡ ನನ್ನದಲ್ಲ.

ಬೈತಖೋಲದಲ್ಲಿ ಇಪ್ಪತ್ತಾರು ವರ್ಷ ಟಂಡೇಲ,
ಗಾಳಿ ಮೂಸಿ ಬಂಗಡೆ ಎಲ್ಲಿದೆ ಎನ್ನುತ್ತಿದ್ದ ತುಳಸಿದಾಸ ಭಾವ
ಈಗ ಕಿಟಕಿಯ ಬದಿಯ ಕುರ್ಚಿಯಲ್ಲಿ.
ಎಡಗೈ ತೊಡೆಯ ಮೇಲೆ,
ಬಸ್ಸಿನಲ್ಲಿ ಯಾರೋ ಮರೆತುಹೋದ ಚೀಲ.
ಎಡಗೆನ್ನೆಯೂ ಅಷ್ಟೆ.
ಅಕ್ಕ ಉಣಿಸುತ್ತಾಳೆ, ಮೀಯಿಸುತ್ತಾಳೆ,
ಬ್ಲೇಡು ಮಾತ್ರ ಮುಟ್ಟುವುದಿಲ್ಲ:
‘ಮೀನು ಕೊಯ್ಯುವ ಕೈ ಇದು, ಬೇಡಪ್ಪ.’

ಹಾಗಾಗಿ ದಿನ ಬಿಟ್ಟು ದಿನ ನಾನು.
ಬಿಸಿನೀರಲ್ಲಿ ಹಿಂಡಿದ ಟವೆಲು, ನೊರೆ,
ಬ್ಲೇಡು ಕೂದಲು ಮಲಗಿದ ಕಡೆಗೇ, ತಣ್ಣೀರು.
ಆಮೇಲೆ ಕಲ್ಲು ಅದ್ದಿ
ಕಿವಿಯಿಂದ ಗದ್ದಕ್ಕೆ, ಗದ್ದದಿಂದ ಗಂಟಲಿಗೆ
ಒತ್ತದೆ ಜಾರಿಸಿ, ನಿಮಿಷ ಬಿಟ್ಟು ತೊಳೆಯುತ್ತೇನೆ.
ಕಲ್ಲು ಚಾಡಿಕೋರ.
ಬ್ಲೇಡು ತಪ್ಪಿದ್ದು ಕಣ್ಣಿಗೆ ಕಾಣದಿದ್ದರೂ
ಉರಿದು ಹೇಳಿಬಿಡುತ್ತದೆ.
ಬಲಗೆನ್ನೆ ಕೇಳಿಸಿಕೊಂಡು ಮುಖ ಗಂಟಿಕ್ಕುತ್ತದೆ.
ಎಡಕ್ಕೆ ಯಾರೂ ಏನೂ ಹೇಳಿಲ್ಲ.
ಮೊನ್ನೆ ಅಲ್ಲಿ ರಕ್ತವೇ ಬಂತು, ಮೂರು ಹನಿ,
ಹಳೆಯ ಕಲ್ಲಿನ ಚೂರು ಒತ್ತಿ ಹಿಡಿದೆ.
ಭಾವ ಬೋಟು ಎಣಿಸುತ್ತಲೇ ಇದ್ದ.
ಅಷ್ಟು ಸಾಧು ಗಿರಾಕಿ
ಫೊಂಡು ಮಹಾಲೆಗೂ ಬೇಡವಾಗುತ್ತಿದ್ದ.

ಇವತ್ತು ಹೊಸ ಕಲ್ಲು.
ಎಡಕ್ಕೆ, ತುಟಿಯ ಮೂಲೆಯ ಕೆಳಗೆ
ಗಾಳವನ್ನು ಮೂಸಿ ಬಿಟ್ಟ ಮೀನಿನಷ್ಟು
ಏನೋ ಅಲುಗಿತು.
ನೊಣವೇ ಎಂದು ನೋಡಿದೆ. ನೊಣವಿರಲಿಲ್ಲ.
ಮತ್ತೆ ಅಲ್ಲೇ ಜಾರಿಸಿದೆ, ಬೇಕೆಂದೇ,
ಈ ಸಲ ಸ್ವಲ್ಪ ಒತ್ತಿ.
ಏಳು ತಿಂಗಳಿಂದ ಹೂಂ, ಊಹೂಂಗಳಲ್ಲೇ ಇದ್ದ ಭಾವ
ನನ್ನತ್ತ ತಿರುಗಿ, ಅರ್ಧ ಬಾಯಿಂದ,
ಬಂದರಿನ ಒಂದು ಪೂರಾ ಬೈಗುಳ ಬೈದ,
ನನ್ನ ಅಮ್ಮನಿಗೆ ಸಂಬಂಧಪಟ್ಟದ್ದು.

ಅಕ್ಕ ಓಡಿಬಂದಳು, ಕೈತುಂಬ ತಾರ್ಲೆಯ ಹುರುಪೆ:
‘ಏನಂದರು? ಏನಂದರು?’
ಅಮ್ಮ ಅವಳಿಗೂ ಅಮ್ಮನೇ.
‘ಉರೀತದಂತೆ’ ಎಂದೆ.

ಕಲ್ಲು ಒರೆಸಿ ಕಿಟಕಿಯಲ್ಲಿಟ್ಟೆ.
ಒದ್ದೆ ಇಡಬಾರದು, ಕರಗುತ್ತದೆ.
ಬೀಳಿಸಲೂಬಾರದು.
ಅದಕ್ಕೇ ಎರಡೂ ಕೈಯಲ್ಲಿ ಹಿಡಿದಿದ್ದೆ.